ಬಿಜ್ಜಳನ ಸಾವು: ಒಂದು ಕೊಲೆ, ಎರಡು ತೀರ್ಪು

ಮಠದೊಳಗೆ ಒಂದರ ಹಿಂದೊಂದು ಕೊಲೆ, ಪತ್ತೆಗೆ ಇಳಿದ ಒಬ್ಬ ಸನ್ಯಾಸಿ. ಇಟಲಿಯ ಉಂಬರ್ಟೊ ಇಕೊ 1980ರಲ್ಲಿ ಬರೆದ ‘ದಿ ನೇಮ್ ಆಫ್ ದಿ ರೋಸ್’ ಕಾದಂಬರಿ ಇದು. ಕಥೆ ನಡೆಯೋದು 1327ರಲ್ಲಿ, ಎಲ್ಲ ಕಲ್ಪನೆ. ಆದ್ರೆ ಅದಕ್ಕೂ ಸುಮಾರು 160 ವರ್ಷ ಮೊದಲಿನ ಒಂದು ಸಾವಿನ ಪತ್ತೇದಾರಿ ನಮ್ಮ ಕಲ್ಯಾಣ ಕರ್ನಾಟಕದಲ್ಲಿ ಇನ್ನೂ ಮುಗಿದಿಲ್ಲ.

ಸತ್ತವನು ಕಳಚುರಿ ದೊರೆ ಬಿಜ್ಜಳ. ಕಲ್ಯಾಣ ಚಾಲುಕ್ಯರ ಮಾಂಡಲಿಕನಾಗಿದ್ದವನು ಅವರ ಗದ್ದುಗೆಯನ್ನೇ ಕಿತ್ತುಕೊಂಡ. ಅವನ ಭಂಡಾರಿ ಬಸವಣ್ಣ. ರಾಜಧಾನಿ ಇಂದಿನ ಬಸವಕಲ್ಯಾಣ. ನಮ್ಮ ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿ ಹೋಗಿ ಸೇರಿದ್ದೂ ಇದೇ ಊರನ್ನು.

ಮೊದಲ ಹೇಳಿಕೆ ‘ಬಸವ ಪುರಾಣ’ದ್ದು. 13ನೇ ಶತಮಾನದಲ್ಲಿ ಪಾಲ್ಕುರಿಕೆ ಸೋಮನಾಥ ತೆಲುಗಿನಲ್ಲಿ ಬರೆದದ್ದನ್ನು ಭೀಮಕವಿ 1369ರಲ್ಲಿ ಕನ್ನಡಕ್ಕೆ ತಂದ. ಅದರ ಪ್ರಕಾರ, ರಾಜ ಇಬ್ಬರು ಶಿವಭಕ್ತರ ಕಣ್ಣು ಕೀಳಿಸಿದ. ಅದಕ್ಕೆ ಜಗದೇವ, ಮಲ್ಲಯ್ಯ, ಬೊಮ್ಮಯ್ಯ ಸೇರಿ ಅವನನ್ನು ಕೊಂದರು.

ಎರಡನೆಯದು ಜೈನರ ‘ಬಿಜ್ಜಳರಾಯ ಚರಿತೆ’. ಕೊಲ್ಹಾಪುರದ ಶಿಲಾಹಾರರ ಮೇಲೆ ದಂಡೆತ್ತಿ ಹೋಗಿ ವಾಪಸ್ ಬರೋವಾಗ ಭೀಮಾ ನದಿ ದಂಡೆಯಲ್ಲಿ ಬೀಡು. ಜೈನನ ವೇಷ ಹಾಕಿದ ಜಂಗಮನೊಬ್ಬ ವಿಷದ ಹಣ್ಣು ಕೊಟ್ಟ.

ಗಮನಿಸಿ, ಎರಡೂ ಕಥೆ ಬೊಟ್ಟು ಮಾಡೋದು ಒಂದೇ ಕಡೆಗೆ. ಬೇರೆ ಇರೋದು ತೀರ್ಪು ಮಾತ್ರ. ಒಂದಕ್ಕೆ ಇದು ನ್ಯಾಯ, ಇನ್ನೊಂದಕ್ಕೆ ಮೋಸ. ಎರಡನ್ನೂ ಬರೆದದ್ದು ಸಾವಾದ ಎಷ್ಟೋ ಕಾಲದ ಮೇಲೆ, ತಮ್ಮ ತಮ್ಮ ಭಕ್ತರಿಗಾಗಿ.

ಹಾಗಾದ್ರೆ ಲಾಭ ಯಾರಿಗಾಯ್ತು? 1167-68ರ ಹೊತ್ತಿಗೆ ಶಾಸನಗಳಲ್ಲಿ ದೊರೆಯಾಗಿ ಕಾಣಿಸೋದು ಮಗ ಸೋವಿದೇವ. ಗದ್ದುಗೆ ಕಳಕೊಂಡ ಚಾಲುಕ್ಯರೂ ಹೊಂಚು ಹಾಕಿದ್ದರು. 1180ರ ದಶಕದಲ್ಲಿ ನಾಲ್ಕನೇ ಸೋಮೇಶ್ವರ ಕಲ್ಯಾಣವನ್ನು ಮರಳಿ ಪಡೆದ. ಗಿರೀಶ ಕಾರ್ನಾಡರ ‘ತಲೆದಂಡ’ ನಾಟಕದಲ್ಲೂ ಅಪ್ಪನನ್ನು ಪಟ್ಟದಿಂದ ಇಳಿಸೋದು ಮಗನೇ. ಪುರಾಣಗಳು ಮಠ-ಬಸದಿಗಳ ಜಗಳ ಅಂದದ್ದರ ಹಿಂದೆ ಅರಮನೆಯ ಜಗಳವೂ ಇದ್ದಿರಬಹುದು. ಬೆಲೆ ತೆತ್ತವರು ಮಾತ್ರ ಶರಣರು. ಊರು ಬಿಟ್ಟರು, ಚನ್ನಬಸವಣ್ಣನವರು ಉಳವಿಯ ಕಾಡು ಸೇರಿದರು.

ಆ ಕಾಲದಲ್ಲಿ ಎಲ್ಲ ಕಡೆ ಬರೀ ದ್ವೇಷವೇ ಇತ್ತು ಅಂತ ತಿಳಿಯಬೇಡಿ. ಶಿಕಾರಿಪುರ ತಾಲೂಕಿನ ಬಳ್ಳಿಗಾವಿಯಲ್ಲಿ ಕಾಳಾಮುಖ ಶೈವರ ಕೋಡಿಯ ಮಠ ಇತ್ತು. ಬಿಜ್ಜಳನ ಆಳ್ವಿಕೆಯ 1162ರ ಶಾಸನ ಅದನ್ನು ವರ್ಣಿಸುತ್ತೆ: ಅಲ್ಲಿ ಬೌದ್ಧ ದರ್ಶನಕ್ಕೂ ಜಾಗ ಇತ್ತು, ರೋಗಿಗಳಿಗೆ ಔಷಧ ಇತ್ತು, ಕುಂಟರು-ಕುರುಡರಿಗೆ, ಜೈನ ಕ್ಷಪಣಕರಿಗೂ ಊಟ ಇತ್ತು.

ಮುಂದಿನ ಸಲ ಫ್ಯಾಮಿಲಿ ಗ್ರೂಪಿನಲ್ಲಿ ‘ಬಿಜ್ಜಳನನ್ನು ಕೊಂದವರು ಇವರೇ’ ಅಂತ ಫಾರ್ವರ್ಡ್ ಬಂದ್ರೆ ಒಂದೇ ಮಾತು ಕೇಳಿ: ಇದನ್ನ ಬರೆದವರು ಯಾರು, ಯಾವಾಗ ಬರೆದರು? ಮನೆಯ ಹಿರಿಯರು ಕಳಿಸಿದ್ದಾದ್ರೆ ಸ್ವಲ್ಪ ಮೆತ್ತಗೆ ಕೇಳಿ.