ಇನ್ನೂರು ಮೀಟರಿನ ಕೆಳಗೆ

ಅಮೆರಿಕದಲ್ಲಿ 1912ರ ರೇಡಿಯೊ ಕಾಯ್ದೆ ಬಂದಾಗ ಹವ್ಯಾಸಿಗಳ ಪಾಲಿಗೆ ಉಳಿದದ್ದು 200 ಮೀಟರು ಮತ್ತು ಅದಕ್ಕಿಂತ ಗಿಡ್ಡನೆಯ ತರಂಗಗಳು ಮಾತ್ರ. ತರಂಗ ಉದ್ದವಾದಷ್ಟೂ ದೂರ ಹೋಗುತ್ತದೆ ಎಂಬುದು ಆಗಿನ ಎಂಜಿನಿಯರುಗಳ ದೃಢ ನಂಬಿಕೆ. ಸಾಗರ ದಾಟಬೇಕೆಂದರೆ ಸಾವಿರಾರು ಮೀಟರಿನ ತರಂಗ ಬೇಕು, ಮುಗಿಲೆತ್ತರದ ಕಂಬಗಳು ಬೇಕು, ನೂರಾರು ಕಿಲೋವಾಟ್ ವಿದ್ಯುತ್ ಬೇಕು ಎಂದು ಅವರ ಲೆಕ್ಕ. ಇನ್ನೂರರ ಕೆಳಗಿನದು ಯಾರಿಗೂ ಬೇಡದ ಬಂಜರು. ಅದನ್ನು ಹವ್ಯಾಸಿಗಳಿಗೆ ಬಿಟ್ಟುಕೊಟ್ಟರು.

ಬೇರೆ ಜಾಗವಿಲ್ಲದವರು ಅಲ್ಲೇ ಉಳುಮೆಗಿಳಿದರು. 1921ರ ಆರಂಭದಲ್ಲಿ ಅಟ್ಲಾಂಟಿಕ್ ದಾಟಿಸುವ ಮೊದಲ ಪ್ರಯತ್ನ ನಡೆಯಿತು; ಬ್ರಿಟನ್ನಿನಲ್ಲಿ ಕಿವಿಗೊಟ್ಟು ಕೂತವರಿಗೆ ಏನೂ ಕೇಳಲಿಲ್ಲ. ಇನ್ನೊಂದು ಪರೀಕ್ಷೆಗೆ ಮುಂಚೆ ಅಮೆರಿಕನ್ ರೇಡಿಯೊ ರಿಲೇ ಲೀಗ್ ಒಳ್ಳೆಯ ಉಪಾಯ ಹೂಡಿತು. ತನ್ನದೇ ನುರಿತ ಕೇಳುಗ ಪಾಲ್ ಗಾಡ್ಲಿಯನ್ನು ಹಡಗು ಹತ್ತಿಸಿ ಸ್ಕಾಟ್ಲೆಂಡಿಗೆ ಕಳಿಸಿತು. ಆರ್ಡ್ರೊಸ್ಸನ್ ಎಂಬ ಕಡಲೂರಿನ ಹೊರಗೆ, ಡಿಸೆಂಬರಿನ ಗಾಳಿಮಳೆಯಲ್ಲಿ, ಆತ ಡೇರೆ ಹೊಡೆದ. ಗೂಟಗಳ ಮೇಲೆ ಸಾವಿರ ಅಡಿಗೂ ಉದ್ದದ ತಂತಿ ಎಳೆದು, ಎಡ್ವಿನ್ ಆರ್ಮ್‌ಸ್ಟ್ರಾಂಗ್ ಕಂಡುಹಿಡಿದ ಸೂಪರ್‌ಹೆಟರೊಡೈನ್ ಗ್ರಾಹಕವನ್ನು ಅದಕ್ಕೆ ಜೋಡಿಸಿ, ಹೆಡ್‌ಫೋನ್ ಹಾಕಿಕೊಂಡು ರಾತ್ರಿಗಳನ್ನು ಕಳೆದ. ಇಪ್ಪತ್ತಕ್ಕೂ ಹೆಚ್ಚು ಅಮೆರಿಕನ್ ಕೇಂದ್ರಗಳು ಅವನಿಗೆ ಕೇಳಿದವು. ಕನೆಕ್ಟಿಕಟ್‌ನ ಗ್ರೀನಿಚ್‌ನಿಂದ 1ಬಿಸಿಜಿ ಎಂಬ ಕೇಂದ್ರ ಕಳಿಸಿದ ಅಭಿನಂದನೆಯ ಸಂದೇಶವಂತೂ ಇಡಿಯಾಗಿ ಬಂತು. ಅದರ ಶಕ್ತಿ ಸುಮಾರು ಒಂದು ಕಿಲೋವಾಟ್, ತರಂಗ ಇನ್ನೂರಕ್ಕಿಂತ ತುಸು ಮೇಲೆ, 230 ಮೀಟರಿನ ಆಸುಪಾಸು. ಆ ಕೇಂದ್ರವನ್ನು ಕಟ್ಟಿದವರಲ್ಲಿ ಆರ್ಮ್‌ಸ್ಟ್ರಾಂಗ್ ಕೂಡ ಒಬ್ಬ.

ಅಲ್ಲಿಗೆ ಒಂದು ದಿಕ್ಕಿನ ದಾರಿ ತೆರೆಯಿತು. ಇನ್ನೂ ಗಿಡ್ಡ ತರಂಗಕ್ಕೆ ಇಳಿದರೆ ಏನಾದೀತು? ಪುಸ್ತಕದ ಪ್ರಕಾರ ಕೆಡಬೇಕಿತ್ತು, ನಿಜದಲ್ಲಿ ಸುಧಾರಿಸಿತು. 1923ರ ನವೆಂಬರಿನಲ್ಲಿ ಫ್ರಾನ್ಸಿನ ನೀಸ್ ನಗರದ ಲಿಯೋನ್ ಡೆಲಾಯ್, ಕನೆಕ್ಟಿಕಟ್‌ನ ಫ್ರೆಡ್ ಶ್ನೆಲ್ ಮತ್ತು ಜಾನ್ ರೈನಾರ್ಟ್ಜ್ ಸುಮಾರು ನೂರು ಮೀಟರಿನಲ್ಲಿ ಪರಸ್ಪರ ಮಾತಾಡಿದರು. ಹವ್ಯಾಸಿಗಳು ಸಾಗರದಾಚೆಗೆ ನಡೆಸಿದ ಮೊದಲ ಸಂವಾದ ಅದು. ಇದೇ ಕಾಲದಲ್ಲಿ ಮಾರ್ಕೋನಿಯ ಬಳಗವೂ ಗಿಡ್ಡ ತರಂಗಗಳತ್ತ ತಿರುಗಿತ್ತೆನ್ನುವುದನ್ನು ಮರೆಯಬಾರದು. ಆದರೆ ಹವ್ಯಾಸಿಗಳ ಹಿಂದೆ ಕಂಪನಿಯ ಹಣವಿರಲಿಲ್ಲ.

ನನಗೆ ಇಡೀ ಕತೆಯಲ್ಲಿ ಅತಿ ಪ್ರಿಯವಾದದ್ದು ಮುಂದಿನ ವರ್ಷದ ಅಕ್ಟೋಬರ್ 18. ನ್ಯೂಜಿಲೆಂಡಿನ ಶಾಗ್ ಕಣಿವೆಯಲ್ಲಿ ಕುರಿ ಸಾಕುವ ಮನೆತನದ ಫ್ರಾಂಕ್ ಬೆಲ್, ಮಹಾಯುದ್ಧದಿಂದ ಆರೋಗ್ಯ ಕೆಟ್ಟು ಮನೆಗೆ ಮರಳಿದವನು, ರೇಡಿಯೊ ಹಿಡಿದಿದ್ದ. ಅವನ ಕರೆಗೆ ಲಂಡನ್ನಿನ ಮಿಲ್ ಹಿಲ್ ಶಾಲೆಯಿಂದ ಉತ್ತರ ಬಂತು. ಉತ್ತರಿಸಿದವನು ಹದಿನೆಂಟರ ವಿದ್ಯಾರ್ಥಿ ಸೆಸಿಲ್ ಗಾಯ್ಡರ್. ಭೂಮಿಯ ಹೆಚ್ಚುಕಡಮೆ ಆಚೆ ಬದಿ, 18,000 ಕಿಲೋಮೀಟರಿಗೂ ದೂರ! ಮುಂದೆ ಫ್ರಾಂಕ್ ಹೊಲಮನೆಯತ್ತ ಹೊರಳಿದಾಗ ಅಕ್ಕ ಬ್ರೆಂಡಾ ಆ ಕೇಂದ್ರವನ್ನು ನಡೆಸಿದಳು.

ಅಷ್ಟು ದೂರದ ಸದ್ದು ಕಿವಿಗೆ ಬೀಳುವುದು ಎಳೆಯಷ್ಟು ಸಣ್ಣಗೆ. ಅದಕ್ಕೇ ಹ್ಯಾಮ್‌ಗಳ, ಅಂದರೆ ಈ ರೇಡಿಯೊ ಹವ್ಯಾಸಿಗಳ, ಮಾತು ಇಷ್ಟು ಚುಟುಕು. ಯಾರಾದರೂ ಇದ್ದೀರಾ ಎನ್ನಲು ಸಿಕ್ಯೂ. ನಿನ್ನ ಸದ್ದು ಏರಿಳಿಯುತ್ತಿದೆ ಎನ್ನಲು ಕ್ಯೂಎಸ್‌ಬಿ. ಮತ್ತೊಂದು ಕೇಂದ್ರ ಅಡ್ಡ ಬಂದರೆ ಕ್ಯೂಆರ್‌ಎಂ, ಸಿಡಿಲಿನ ಕರಕರ ಆದರೆ ಕ್ಯೂಆರ್‌ಎನ್. ಕ್ಯೂ ಅಕ್ಷರದ ಈ ಸಂಕೇತಗಳನ್ನು ಅವರು ಹಡಗಿನ ತಂತಿಗಾರರಿಂದ ಪಡೆದರು. ದೂರದ ಸಂಪರ್ಕ ಡಿಎಕ್ಸ್, ಬೀಳ್ಕೊಡುವಾಗಿನ ಶುಭಾಶಯ 73. ಸಂವಾದ ನಡೆದದ್ದಕ್ಕೆ ಸಾಕ್ಷಿಯಾಗಿ ಅಂಚೆಯಲ್ಲಿ ಬರುವ ಕಾರ್ಡು ಕ್ಯೂಎಸ್‌ಎಲ್. ಮೋರ್ಸ್‌ನಲ್ಲಿ ಒಂದೊಂದು ಅಕ್ಷರವನ್ನೂ ಗದ್ದಲದಿಂದ ಹೆಕ್ಕಿ ತೆಗೆಯಬೇಕಾದವನಿಗೆ ಮೂರಕ್ಷರದಲ್ಲಿ ಒಂದು ವಾಕ್ಯ ಮುಗಿದರೆ ಎಷ್ಟು ನೆಮ್ಮದಿ!

ಗಿಡ್ಡ ತರಂಗ ಅಷ್ಟು ದೂರ ಹೋದದ್ದು ಹೇಗೆ? ಆಕಾಶದ ಎತ್ತರದಲ್ಲಿ ವಿದ್ಯುತ್ ಹರಿಯಬಲ್ಲ ಪದರವೊಂದಿರಬೇಕೆಂದು ಕೆನೆಲಿ ಮತ್ತು ಹೆವಿಸೈಡ್ 1902ರಲ್ಲೇ ಊಹಿಸಿದ್ದರು. ಬೆಲ್ ಮತ್ತು ಗಾಯ್ಡರ್ ಮಾತಾಡಿದ ಎರಡೇ ತಿಂಗಳಿಗೆ ಎಡ್ವರ್ಡ್ ಆಪಲ್ಟನ್ ಅದನ್ನು ಪ್ರಯೋಗದಿಂದ ತೋರಿಸಿದ. ಮೇಲಕ್ಕೆ ಹೋದ ತರಂಗ ಅಯಾನುಗೋಳ ಎನ್ನುವ ಆ ಎತ್ತರದ ವಲಯದಲ್ಲಿ ಬಾಗಿ ನೆಲಕ್ಕಿಳಿಯುತ್ತದೆ, ನೆಲದಿಂದ ಪುಟಿದು ಮತ್ತೆ ಏರುತ್ತದೆ. ಹಗಲಿನಲ್ಲಿ ಕೆಳಗಿನ ಪದರ ಶಕ್ತಿಯನ್ನು ಹೀರುತ್ತದೆ; ಇರುಳಾದರೆ ಅದು ಕರಗುತ್ತದೆ. ಗಾಡ್ಲಿಗೆ ರಾತ್ರಿಯಲ್ಲೇ ಫಲ ಸಿಕ್ಕಿದ್ದಕ್ಕೆ ಇದೇ ಕಾರಣ.

ಬಂಜರಿಗೆ ಬೆಲೆ ಬಂದೊಡನೆ ಎಲ್ಲರೂ ನುಗ್ಗಿದರು. 1927ರ ವಾಷಿಂಗ್ಟನ್ ಸಮ್ಮೇಳನ ಹವ್ಯಾಸಿಗಳಿಗೆ 80, 40, 20, 10 ಮೀಟರುಗಳಂಥ ಕಿರಿದಾದ ಪಟ್ಟಿಗಳನ್ನಷ್ಟೇ ಉಳಿಸಿತು. ಕಂಡುಹಿಡಿದವರಿಗೆ ಇನ್ನಷ್ಟು ಸಲ್ಲಬೇಕಿತ್ತು ಎಂದೇ ನನ್ನ ಅನಿಸಿಕೆ.

ಶಾಲೆಯಿಂದ ನ್ಯೂಜಿಲೆಂಡನ್ನು ಮುಟ್ಟಿದ ಆ ಗಾಯ್ಡರ್ 1936ರಲ್ಲಿ ಭಾರತಕ್ಕೆ ಬಂದು ಆಲ್ ಇಂಡಿಯಾ ರೇಡಿಯೊದ ಮುಖ್ಯ ಎಂಜಿನಿಯರ್ ಆದ. ಇಷ್ಟು ದೊಡ್ಡ ದೇಶವನ್ನು ಕೆಲವೇ ಕೇಂದ್ರಗಳಿಂದ ತಲುಪಲು ಆತ ನೆಚ್ಚಿದ್ದು ಅದೇ ಶಾರ್ಟ್ ವೇವ್ ತರಂಗಗಳನ್ನು. ಇಂದು ಇಲ್ಲಿ ಹನ್ನೆರಡು ತುಂಬಿದ ಯಾರೇ ಆದರೂ ಪರೀಕ್ಷೆ ಬರೆದು ಪರವಾನಗಿ ಪಡೆಯಬಹುದು. ‘ವಿಯು’ ಎಂದು ಶುರುವಾಗುವ ಕರೆಸಂಕೇತ ಕೈಗೆ ಬಂದ ಮೇಲೆ 40 ಮೀಟರಿನ ಪಟ್ಟಿಯಲ್ಲಿ ಸಿಕ್ಯೂ ಕೂಗಿ ನೋಡಬಹುದು.