ಗೂಂಡಾ ಕಾಯ್ದೆ ಹಾಕಿದರೆ ಮೊದಲು ತಾರೀಖು ನೋಡಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ‘ಗೂಂಡಾ ಕಾಯ್ದೆ ಹಾಕ್ಯಾರ’ ಎಂಬ ಸುದ್ದಿ ಬಂದರೆ ರೌಡಿ ಶೀಟು, ಗಡಿಪಾರು ಎಲ್ಲವೂ ಒಂದೇ ಎಂದುಕೊಳ್ಳುವವರೇ ಹೆಚ್ಚು. ರೌಡಿ ಶೀಟು ಠಾಣೆಯ ದಾಖಲೆ. ಗಡಿಪಾರಾದವನು ಬೇರೆ ಊರಲ್ಲಾದರೂ ಓಡಾಡಿಕೊಂಡಿರಬಹುದು. ರಾಜ್ಯದ 1985ರ ಗೂಂಡಾ ಕಾಯ್ದೆಯಲ್ಲಿ ಹಾಗಲ್ಲ: ಮುಂದೆ ಏನಾದರೂ ಮಾಡಿಯಾನು ಎಂಬ ಅಂದಾಜಿನ ಮೇಲೆಯೇ, ವಿಚಾರಣೆಯಿಲ್ಲದೆ, 12 ತಿಂಗಳವರೆಗೆ ಜೈಲಿನಲ್ಲಿಡಬಹುದು. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂಬ ನಿಯಮ ಇದಕ್ಕಿಲ್ಲ.

ಅದರ ಬದಲಿಗೆ ಸಂವಿಧಾನದ 22ನೇ ವಿಧಿ ಬೇರೆ ರಕ್ಷಣೆ ಕೊಟ್ಟಿದೆ. ಬಂಧನದ ಕಾರಣ ತಿಳಿಸಬೇಕು, ಮನವಿ ಸಲ್ಲಿಸಲು ಬೇಗನೆ ಅವಕಾಶ ಕೊಡಬೇಕು, ಮೂರು ತಿಂಗಳು ಮೀರಿದರೆ ಸಲಹಾ ಮಂಡಳಿ ಒಪ್ಪಿರಬೇಕು. ಇಂಥ ವಿಚಾರಣೆಯಿಲ್ಲದ ಬಂಧನವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ 1950ರ ಎ.ಕೆ. ಗೋಪಾಲನ್ ಪ್ರಕರಣ ಮದ್ರಾಸ್ ರಾಜ್ಯದ್ದು. ಆಗ ಈ ಸೀಮೆಯೂ ಮದ್ರಾಸಿಗೇ ಸೇರಿತ್ತು. ಬಂಧನದ ಕಾರಣವನ್ನು ಕೋರ್ಟಿಗೂ ಹೇಳಕೂಡದೆಂಬ ಕಲಮು ಬಿದ್ದುಹೋದದ್ದು ಆ ತೀರ್ಪಿನಲ್ಲೇ.

ಮನೆಯವರು ಎರಡು ತಾರೀಖು ಬರೆದಿಟ್ಟುಕೊಳ್ಳಬೇಕು. ಒಂದು, ಹೊಸಪೇಟೆಯಲ್ಲಿ ಜಿಲ್ಲಾಧಿಕಾರಿ ಆದೇಶಕ್ಕೆ ಸಹಿ ಹಾಕಿದ ದಿನ. ಅಲ್ಲಿಂದ 12 ದಿನದೊಳಗೆ ಸರ್ಕಾರ ಅನುಮೋದಿಸದಿದ್ದರೆ ಆದೇಶ ಬಿದ್ದುಹೋಗುತ್ತದೆ. ಇನ್ನೊಂದು, ಹಿಡಿದ ದಿನ. ಅಲ್ಲಿಂದ 5 ದಿನದೊಳಗೆ ಕಾರಣಗಳು ಕೈಸೇರಬೇಕು, 3 ವಾರದೊಳಗೆ ಕಡತ ಮಂಡಳಿಗೆ ಹೋಗಬೇಕು, 7 ವಾರದೊಳಗೆ ಮಂಡಳಿ ವರದಿ ಕೊಡಬೇಕು. ಸಾಕಷ್ಟು ಕಾರಣವಿಲ್ಲ ಎಂದು ಮಂಡಳಿ ಹೇಳಿದರೆ ಬಿಡುಗಡೆ ಮಾಡಲೇಬೇಕು.

ಕಾಗದ ಯಾವ ಭಾಷೆಯಲ್ಲಿದೆ ಎಂಬುದನ್ನೂ ನೋಡಿ. ಉರ್ದು ಮಾತ್ರ ಓದಬಲ್ಲವನ ಕೈಗೆ ಇಂಗ್ಲಿಷ್ ಕಡತ ತುರುಕಿ ‘ಬಾಯಲ್ಲಿ ತಿಳಿಸಿದ್ದೇವೆ’ ಎಂದರೆ ಸಾಲದೆಂದು ಸುಪ್ರೀಂ ಕೋರ್ಟ್ ಇಂಥ ಪ್ರಕರಣಗಳಲ್ಲಿ ಹೇಳಿದೆ. ಆರೋಪದ ಸ್ವರೂಪವೂ ಮುಖ್ಯ. ಇಬ್ಬರ ಜಗಳ ಠಾಣೆಯ ಕೇಸು. ಸಂತೆಬೀದಿಯೇ ಹೆದರಿ ಬಾಗಿಲು ಹಾಕಿಕೊಂಡರೆ ಮಾತ್ರ ಈ ಕಾಯ್ದೆಗೆ ಬೇಕಾದ ಸಾರ್ವಜನಿಕ ಸುವ್ಯವಸ್ಥೆಯ ಪ್ರಶ್ನೆ ಏಳುತ್ತದೆ.

ಮನವಿಯನ್ನು ಜಿಲ್ಲಾಧಿಕಾರಿ, ಸರ್ಕಾರ, ಮಂಡಳಿ ಮೂವರಿಗೂ ಬರೆದು ಜೈಲಿನ ಮೂಲಕವೇ ಕೊಟ್ಟು ಸ್ವೀಕೃತಿ ಪಡೆಯಿರಿ. ಕಾರಣ ಹೇಳದೆ ಮನವಿಯನ್ನು ಮೂಲೆಗಿಟ್ಟರೆ ಬಂಧನವೇ ರದ್ದಾಗಬಹುದು. ಮಂಡಳಿಯ ಮುಂದೆ ವಕೀಲರನ್ನು ಕೇಳುವ ಹಕ್ಕಿಲ್ಲ, ಸರ್ಕಾರ ತನ್ನ ವಕೀಲರನ್ನು ತಂದರೆ ಮಾತ್ರ ಬಂಧಿತನಿಗೂ ಅವಕಾಶ. ಇಡೀ ಏರ್ಪಾಟಿನಲ್ಲಿ ನನಗೆ ಅನ್ಯಾಯವೆನಿಸುವುದು ಇದೇ.

ಹೈಕೋರ್ಟಿನ ಧಾರವಾಡ ಪೀಠದಲ್ಲಿ ಬಂಧನ ಅಕ್ರಮವೆಂದು ಪ್ರಶ್ನಿಸುವ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ಹೆಂಡತಿಯೋ ತಾಯಿಯೋ ಹಾಕಬಹುದು. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ, ಇಲ್ಲವೇ 15100ಕ್ಕೆ ಕರೆ ಮಾಡಿ.