ಸಿದ್ದಿವಾಡಗಳಿಗೆ ಓಟ ಬಂದ ಬಗೆ

1986ರಲ್ಲಿ ಸೋಲ್ ಏಷ್ಯನ್ ಕ್ರೀಡಾಕೂಟ ಮುಗಿದಾಗ ಭಾರತದ ಕೈಗೆ ಬಂದದ್ದು ಐದೇ ಚಿನ್ನ. ಅದರಲ್ಲಿ ನಾಲ್ಕರ ಹಿಂದೆ ಪಿ.ಟಿ. ಉಷಾ ಇದ್ದರು: 200 ಮೀಟರ್, 400 ಮೀಟರ್, 400 ಮೀಟರ್ ಹರ್ಡಲ್ಸ್, ಜೊತೆಗೆ ಕನ್ನಡತಿ ವಂದನಾ ರಾವ್ ಕೂಡ ಓಡಿದ್ದ ರಿಲೇ. ಐದನೆಯದು ಕುಸ್ತಿಪಟು ಕರ್ತಾರ್ ಸಿಂಗ್ ಅವರದು. ಇಷ್ಟು ದೊಡ್ಡ ದೇಶದ ಮಾನ ಒಬ್ಬ ಹೆಣ್ಣುಮಗಳ ಕಾಲಿನ ಮೇಲೆ ನಿಂತಿತ್ತು. ಉಷಾ ನಂತರ ಯಾರು ಎಂಬ ಪ್ರಶ್ನೆಗೆ ದೆಹಲಿ ಉತ್ತರ ಹುಡುಕುತ್ತ ಬಂದು ತಲುಪಿದ ಜಾಗಗಳಲ್ಲಿ ಉತ್ತರ ಕನ್ನಡದ ಹಳಿಯಾಳ, ಮುಂಡಗೋಡ, ಯಲ್ಲಾಪುರದ ಕಾಡಂಚೂ ಒಂದು.

ಭಾರತೀಯ ಕ್ರೀಡಾ ಪ್ರಾಧಿಕಾರ ಹುಟ್ಟಿದ್ದು 1984ರಲ್ಲಿ. ಅದು 1980ರ ದಶಕದ ಕೊನೆಗೆ ‘ಸ್ಪೆಷಲ್ ಏರಿಯಾ ಗೇಮ್ಸ್’ ಎಂಬ ಯೋಜನೆ ತಂದಿತು. ಬೆಟ್ಟ, ಕಾಡು, ಕರಾವಳಿಯ ಜನರಲ್ಲಿ ಹುಟ್ಟಿನಿಂದಲೇ ಬಂದ ಕಸುವಿದೆ, ಅದನ್ನು ಹೆಕ್ಕಿ ತಂದು ತರಬೇತಿ ಕೊಟ್ಟರೆ ಪದಕ ಬರುತ್ತದೆ ಎಂಬ ಲೆಕ್ಕ. ಬಿಲ್ಲು ಹಿಡಿದು ಬೆಳೆದ ರಾಜಸ್ಥಾನದ ಲಿಂಬಾ ರಾಮ್ ವಿಷಯದಲ್ಲಿ ಆ ಲೆಕ್ಕ ಸರಿ ಬಂತು. 1988ರಲ್ಲಿ ಅವರು ಒಲಿಂಪಿಕ್ಸ್‌ಗೆ ಹೋದರು, 1992ರಲ್ಲಿ ಬೀಜಿಂಗ್‌ನಲ್ಲಿ ವಿಶ್ವದಾಖಲೆ ಸರಿಗಟ್ಟಿದರು. ಅದೇ ಲೆಕ್ಕದಲ್ಲಿ ಓಟಕ್ಕೆ ಆಯ್ದದ್ದು ಈ ಕಾಡಂಚಿನ ಸಿದ್ದಿಗಳನ್ನು. ಆಗ ಕೇಂದ್ರದಲ್ಲಿ ಕ್ರೀಡಾ ಖಾತೆಯ ರಾಜ್ಯ ಸಚಿವೆಯಾಗಿದ್ದ ಮಾರ್ಗರೇಟ್ ಆಳ್ವ ಕರ್ನಾಟಕದವರೇ; ಸಿದ್ದಿಗಳತ್ತ ಯೋಜನೆ ತಿರುಗಲು ಅವರ ಒತ್ತಾಸೆಯೂ ಕಾರಣ.

ಸಿದ್ದಿಗಳ ಹಿರಿಯರು ಆಫ್ರಿಕಾದಿಂದ ಬಂದವರು. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ಬಂದ ಹಲವರು ಘಟ್ಟ ಹತ್ತಿ ತಪ್ಪಿಸಿಕೊಂಡು ಕಾಡು ಸೇರಿದರು. ಹಳಿಯಾಳದ ಕಡೆ ಕ್ರೈಸ್ತರು, ಮುಸ್ಲಿಮರು. ಯಲ್ಲಾಪುರ, ಅಂಕೋಲಾದ ಕಡೆ ಹೆಚ್ಚಾಗಿ ಹಿಂದೂಗಳು. ಕೂಲಿ, ತೋಟದ ಕೆಲಸ, ಒಂದಿಷ್ಟು ಅತಿಕ್ರಮಣ ಭೂಮಿ. ಅಂಥ ಮನೆಗಳ ಮಕ್ಕಳನ್ನು ಆರಿಸಿ ಹಾಸ್ಟೆಲ್‌ಗೆ ಕರೆದೊಯ್ದರು. ಹೊಟ್ಟೆ ತುಂಬ ಊಟ, ಬೂಟು, ಕೋಚ್, ಶಾಲೆ ಎಲ್ಲ ಒಟ್ಟಿಗೆ ಸಿಕ್ಕಿತು. ಕಮಲಾ ಸಿದ್ದಿಯವರಂಥ ಅಥ್ಲೀಟುಗಳು ರಾಷ್ಟ್ರಮಟ್ಟದಲ್ಲಿ ಹೆಸರು ಮಾಡಿದರು. ಕೆಲವರಿಗೆ ಕ್ರೀಡಾ ಕೋಟಾದಡಿ ಸರ್ಕಾರಿ ನೌಕರಿ ಸಿಕ್ಕಿತು, ಆ ಸಂಬಳ ಇಡೀ ಮನೆತನವನ್ನು ಎತ್ತಿ ನಿಲ್ಲಿಸಿತು. ಪದಕದ ಮಾತು ಏನೇ ಇರಲಿ, ಯೋಜನೆಯ ಗಟ್ಟಿ ಫಲ ಇದೇ.

ಆದರೆ 1990ರ ದಶಕದ ಆರಂಭದಲ್ಲೇ ಸಿದ್ದಿಗಳ ಯೋಜನೆ ನಿಂತುಹೋಯಿತು. ಹದಿಹರೆಯದ ಮಕ್ಕಳು ಊರಿಗೆ ಮರಳಿ ಮತ್ತೆ ಕೂಲಿಗೆ ಇಳಿದರು. ಓಟಗಾರರು ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ಸಸಿ ಚಿಗುರುವ ಹೊತ್ತಿಗೆ ನೀರು ನಿಲ್ಲಿಸಿದ ಹಾಗಾಯಿತು. ಇದು ನನಗೆ ಈಗಲೂ ನೋವು ಕೊಡುವ ಸಂಗತಿ.

ಆಫ್ರಿಕಾ ಮೂಲದವರಿಗೆ ಓಟ ರಕ್ತದಲ್ಲೇ ಇದೆ ಎಂಬ, ಯೋಜನೆಯ ಬುಡದಲ್ಲಿದ್ದ ನಂಬಿಕೆಯೂ ಅರ್ಧ ಸತ್ಯದ್ದು. ದೂರದ ಓಟದಲ್ಲಿ ಮೆರೆಯುವವರು ಕೀನ್ಯಾದ ಎತ್ತರದ ಸೀಮೆಯ ಕಲೆಂಜಿನ್ ಜನ, ನೂರು ಮೀಟರಿನಲ್ಲಿ ಮೆರೆಯುವ ಜಮೈಕಾದವರ ಮೂಲ ಹೆಚ್ಚಾಗಿ ಪಶ್ಚಿಮ ಆಫ್ರಿಕಾ. ಇಬ್ಬರನ್ನೂ ಒಂದೇ ಮೂಟೆಗೆ ಕಟ್ಟಿ ಸಿದ್ದಿಗಳ ತಲೆಯ ಮೇಲೆ ಹೊರಿಸಿದಂತಾಯಿತು. ಜಮೈಕಾವನ್ನೇ ನೋಡಿ. ಅಲ್ಲಿ ‘ಚಾಂಪ್ಸ್’ ಎಂಬ ಪ್ರೌಢಶಾಲಾ ಕ್ರೀಡಾಕೂಟ 1910ರಲ್ಲಿ ಶುರುವಾಯಿತು. ಮಕ್ಕಳ ಓಟ ನೋಡಲು ಕಿಂಗ್‌ಸ್ಟನ್‌ನ ರಾಷ್ಟ್ರೀಯ ಕ್ರೀಡಾಂಗಣ ತುಂಬಿ ತುಳುಕುತ್ತದೆ. ಉಸೇನ್ ಬೋಲ್ಟ್ ಚಾಂಪ್ಸ್‌ನಲ್ಲಿ ಓಡಿ ಬೆಳೆದ ಹುಡುಗ; 2002ರಲ್ಲಿ ಅದೇ ಕಿಂಗ್‌ಸ್ಟನ್‌ನಲ್ಲಿ ವಿಶ್ವ ಕಿರಿಯರ ಚಾಂಪಿಯನ್‌ಷಿಪ್ ನಡೆದಾಗ ಹದಿನೈದರ ವಯಸ್ಸಿಗೆ 200 ಮೀಟರ್ ಚಿನ್ನ ಗೆದ್ದ. ಇನ್ನು ನಮ್ಮ ಹಳಿಯಾಳವನ್ನೇ ತೆಗೆದುಕೊಳ್ಳಿ: ಅಲ್ಲಿಯ ಸಿದ್ದಿ ಹೆಣ್ಣುಮಕ್ಕಳು ಕುಸ್ತಿಯಲ್ಲಿ ಪದಕ ತರುತ್ತಾರೆ. ಯಾಕೆಂದರೆ ಹಳಿಯಾಳದಲ್ಲಿ ಕುಸ್ತಿ ಕಣವಿದೆ, ಕುಸ್ತಿ ನೋಡುವ ಜನರಿದ್ದಾರೆ, ಕುಸ್ತಿ ಹಾಸ್ಟೆಲ್ ಇದೆ. ರಕ್ತದ ಮಾತು ಅಲ್ಲಿ ಯಾರೂ ಎತ್ತುವುದಿಲ್ಲ.

ಓಟಕ್ಕೆ ಅಂಥ ನೆಲ ಈ ಸೀಮೆಯಲ್ಲಿ ಹೇಗಿದೆ? ಹೋಬಳಿ, ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟ ಬರುವುದು ಸುಮಾರಾಗಿ ಆಗಸ್ಟ್, ಸೆಪ್ಟೆಂಬರಿನಲ್ಲಿ; ಘಟ್ಟದ ಮಳೆ ಇನ್ನೂ ಬಿಟ್ಟಿರುವುದಿಲ್ಲ. ಪಿ.ಟಿ. ಮೇಷ್ಟ್ರು ಬೆಳಿಗ್ಗೆ ಸುಣ್ಣದ ಪುಡಿ ಚೆಲ್ಲಿ ಎಳೆದ ಗೆರೆ ಮಧ್ಯಾಹ್ನದ ಜಡಿಮಳೆಗೆ ಕರಗಿ ಹೋಗುತ್ತದೆ. ಅನೇಕ ಶಾಲಾ ಮೈದಾನಗಳಲ್ಲಿ ಹಿಡಿಸುವುದು 200 ಮೀಟರಿನ ಸುತ್ತು ಮಾತ್ರ. ಅದರ ನೇರ ಭಾಗ ನೂರು ಮೀಟರಿಗೆ ಸಾಲದು, ಹಾಗಾಗಿ ಮೈದಾನದ ಮೂಲೆಯಿಂದ ಮೂಲೆಗೆ ಓರೆಯಾಗಿ ಓಡಿಸಬೇಕು. 400 ಮೀಟರ್ ಟ್ರ್ಯಾಕಿನಲ್ಲಿ 200 ಓಡುವವಳಿಗೆ ಒಂದೇ ತಿರುವು. ಇಲ್ಲಿಯ ಹುಡುಗಿಗೆ ಎರಡು, ಅದೂ ಬಿಗಿಯಾದ ತಿರುವುಗಳು. ಬರಿಗಾಲಲ್ಲಿ, ನಿಂತಲ್ಲಿಂದಲೇ ಓಡಿ ಗೆದ್ದ ಮಗು ರಾಜ್ಯಮಟ್ಟಕ್ಕೆ ಹೋದಾಗ ಸ್ಟಾರ್ಟಿಂಗ್ ಬ್ಲಾಕ್‌ನಲ್ಲಿ ಯಾವ ಕಾಲು ಮುಂದಿಡಬೇಕು ಎಂಬಲ್ಲಿಂದ ಕಲಿಯಬೇಕು.

ಈ ಕೊರತೆಯನ್ನೇ ಹಿಡಿದು ಕೆಲಸ ಶುರುಮಾಡಿದ್ದು ನಿತೀಶ್ ಚಿನಿವಾರ್ ಕಟ್ಟಿದ ‘ಬ್ರಿಜಸ್ ಆಫ್ ಸ್ಪೋರ್ಟ್ಸ್’ ಸಂಸ್ಥೆ. ಹಳೆಯ ಯೋಜನೆ ನಿಂತು ಎರಡು ದಶಕ ಕಳೆದ ಮೇಲೆ ಅದು ಮುಂಡಗೋಡಕ್ಕೆ ಬಂತು. ಸಿದ್ದಿ ಮಕ್ಕಳ ಜೊತೆ ದನ ಸಾಕುವ ಗೌಳಿ ಸಮುದಾಯದ ಮಕ್ಕಳೂ ಅಲ್ಲಿ ಓಡುತ್ತಾರೆ. ಮಕ್ಕಳನ್ನು ದೂರದ ಊರಿಗೆ ಒಯ್ಯುವ ಬದಲು ಕೋಚ್‌ಗಳೇ ಅವರ ಊರಿನ ಹತ್ತಿರ ಬಂದದ್ದು ನನ್ನ ಮಟ್ಟಿಗೆ ದೊಡ್ಡ ಬದಲಾವಣೆ.

ಅದೇ ಮುಂಡಗೋಡದ ಟಿಬೆಟನ್ ನಿರಾಶ್ರಿತರ ಕಾಲೊನಿಯಲ್ಲಿ ತೊಡಕು ಬೇರೆಯೇ ಬಗೆಯದು. 1966ರಲ್ಲಿ ನೆಲೆಗೊಂಡ ಈ ವಸತಿಯ ಹುಡುಗನಿಗೆ ಕಾಲಿನಲ್ಲಿ ಕಸುವಿದ್ದರೂ ರಾಷ್ಟ್ರಗಳ ನಡುವಿನ ಕೂಟಕ್ಕೆ ಹೋಗಲು ಒಂದು ರಾಷ್ಟ್ರ ಬೇಕು. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಇಲ್ಲಿ ಹುಟ್ಟಿದವರು ಕಾನೂನಿನಂತೆ ಭಾರತೀಯ ಪ್ರಜೆಗಳು, ಅವರ ಮಕ್ಕಳಿಗೂ ದಾರಿಯುಂಟು. ಆದರೆ ಟಿಬೆಟ್ ಎಂಬ ಗುರುತು ಬಿಟ್ಟುಕೊಡಲು ಅನೇಕರಿಗೆ ಮನಸ್ಸಿಲ್ಲ. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್‌ಗೆ ಮೊದಲು ಧರ್ಮಶಾಲೆಯಲ್ಲಿ ಲೋಬ್ಸಾಂಗ್ ವಾಂಗ್ಯಾಲ್ ಟಿಬೆಟನ್ನರಿಗಾಗಿಯೇ ಒಂದು ಒಲಿಂಪಿಕ್ಸ್ ನಡೆಸಿದ್ದು ಇದೇ ಸಂಕಟದಿಂದ. ಇಂಥ ತೊಡಕಿಗೆ ಬೇರೆ ಕಡೆ ಒಂದು ದಾರಿಯೂ ಕಂಡಿದೆ: 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ನಿರಾಶ್ರಿತರ ತಂಡ ಕಣಕ್ಕಿಳಿಯಿತು. ಅದರಲ್ಲಿದ್ದ ದಕ್ಷಿಣ ಸುಡಾನಿನ ಐವರು ಓಟಗಾರರಿಗೆ ತರಬೇತಿ ಕೊಟ್ಟು ಕರೆದೊಯ್ದವರು ಕೀನ್ಯಾದ ಮ್ಯಾರಥಾನ್ ಓಟಗಾರ್ತಿ ತೆಗ್ಲಾ ಲೊರೂಪೆ. ಕೀನ್ಯಾದ ಕಾಕುಮಾ ನಿರಾಶ್ರಿತರ ಶಿಬಿರದಲ್ಲಿ ಪಂದ್ಯ ಏರ್ಪಡಿಸಿ ಆರಿಸಿದ ಆ ಓಟಗಾರರಲ್ಲಿ ಕೆಲವರು ಮೊದಲ ದಿನ ಬರಿಗಾಲಲ್ಲೇ ಓಡಿದ್ದರು.